ಸೌಟಿನ ಹಾಲು

ಮಾರ್ಚ್ ಇಪ್ಪತ್ತೆಂಟರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹಂದ್‌ಸುರೆನ್ ಎಂಬ ನಲವತ್ತೊಂಬತ್ತು ವರ್ಷದ ಹೆಂಗಸು ಹುರೆನ್‌ತಾಲ್ ಠಾಣೆಗೆ ಬಂದಳು. ಬಾಗಿಲಲ್ಲಿ ನಿಂತು ಬೂಟಿನ ಮರಳು ಕೊಡವಿದಳು. ಒಳಗೆ ಎರಡು ಹೆಜ್ಜೆ ಇಟ್ಟು, ಮತ್ತೆ ಹೊರಗೆ ಹೋಗಿ ಇನ್ನೊಮ್ಮೆ ಕೊಡವಿದಳು. ಹೇಳಲು ಬಂದದ್ದು ನಾಚಿಕೆಯ ಮಾತಿರಬೇಕು ಎಂದು ಇನ್‌ಸ್ಪೆಕ್ಟರ್ ದುಲ್ಮಾ ಆಗಲೇ ಅಂದುಕೊಂಡಳು.

"ಕೂತ್ಕೊಳ್ಳಿ ಅಕ್ಕ. ಏನಾಯ್ತು?"

"ನಮ್ಮನೆಯವ್ರು ಬಂದಿಲ್ಲ. ಗೊಂಬೋ ಅಂತ. ಐವತ್ತಾರು ವರ್ಷ. ಹತ್ತೊಂಬತ್ತನೇ ತಾರೀಕು ಬೈಕಲ್ಲಿ ಹೋದ್ರು."

"ಎಲ್ಲಿಗೆ?"

"ಪಶ್ಚಿಮಕ್ಕೆ."

ಟೈಪು ಮಾಡುತ್ತಿದ್ದ ಕಾನ್‌ಸ್ಟೆಬಲ್ ಚೋಯ್ಜಿಲ್ ತಲೆ ಎತ್ತಿದ. "ಪಶ್ಚಿಮಕ್ಕೆ ಆರ್ನೂರು ಕಿಲೋಮೀಟರ್ ಗೋಬಿ ಮರುಭೂಮಿ ಇದೆ ಅಕ್ಕ. ಅದ್ರಲ್ಲಿ ಎಲ್ಲಿ?"

"ಕೇಳ್ಲಿಲ್ಲ. ಹೊರಟೋರ್ನ ಯಾವಾಗ ಮುಟ್ತೀರಿ ಅಂತ ಕೇಳ್ಬಾರ್ದಲ್ವಾ."

"ಯಾವಾಗ ಅಂತ ಕೇಳ್ಬಾರ್ದು. ಎಲ್ಲಿಗೆ ಅಂತ ಕೇಳೋಕೆ ಯಾರ್ ಬೇಡ ಅಂದ್ರು?"

ದುಲ್ಮಾ ಅವನತ್ತ ನೋಡಿದಳು. ಅವನು ಕೀಲಿಮಣೆಗೆ ಬಗ್ಗಿದ.

ಉಳಿದದ್ದು ಮೆಲ್ಲಗೆ ಹೊರಬಂತು. ಅವರ ಮದುವೆಯಾಗಿ ಆರು ವರ್ಷ, ಇಬ್ಬರಿಗೂ ಎರಡನೆಯದು. ಮೂರು ವಸಂತಗಳಿಂದ ಗೊಂಬೋ ಹೀಗೆ ಒಬ್ಬನೇ ಬೈಕು ಹತ್ತಿ ಹೋಗುತ್ತಿದ್ದ. ನಾಲ್ಕೈದು ದಿನಕ್ಕೆ ಧೂಳು ಮೆತ್ತಿಕೊಂಡು ಬರುತ್ತಿದ್ದ. ಬಂದವನು ವಾರ ಮಾತಾಡುತ್ತಿರಲಿಲ್ಲ. ಹೋಗುವಾಗ ಇಟ್ಟಿಗೆಯಂತೆ ಒತ್ತಿದ ಒಂದು ಚಹಾ ಗಟ್ಟಿ, ಹದಗ್ ಎಂಬ ನೀಲಿ ರೇಷ್ಮೆಯ ಕಾಣಿಕೆ ಶಲ್ಯ ಒಯ್ಯುತ್ತಿದ್ದ. ಎರಡೂ ಹೋದ ಹಾಗೆಯೇ ವಾಪಸು ಬರುತ್ತಿದ್ದವು.

"ಹದಗ್ ಹಿಡ್ಕೊಂಡು ಹೋಗೋದು ಹೆಣ್ಣು ಕೇಳೋಕೆ, ಇಲ್ಲ ತಪ್ಪೊಪ್ಕೊಳ್ಳೋಕೆ. ಅವ್ರು ಇರುವೆ ತುಳಿದೋರಲ್ಲ. ಇನ್ನೇನು ಉಳೀತು, ನೀವೇ ಹೇಳಿ." ಮತ್ತೆ ಅಂದಳು: "ಕೋಟಿನ ಒಳಜೇಬಲ್ಲಿ ಒಂದು ಹೆಂಗಸಿನ ಕೈಗವಸು ಇಟ್ಕೊಂಡಿದಾರೆ. ಕೆಂಪುದು. ಒಂದೇ. ಯಾರ್ದು ಅಂತ ಅದನ್ನೂ ಕೇಳ್ಲಿಲ್ಲ."

"ಅಂದು ಅವರ್ನ ಕಳಿಸಿಕೊಟ್ಟಿದ್ದು ಯಾರು?" ದೂರಿನ ನಮೂನೆಯಲ್ಲಿ ಇರುವ ಪ್ರಶ್ನೆಯದು, ಕೊನೆಯದಾಗಿ ನೋಡಿದವರು ಯಾರೆಂದು ತಿಳಿಯಲು.

"ಯಾರೂ ಇಲ್ಲ. ಒಳಗೇ ಕೂತಿದ್ದೆ. ದಾರಿ ಸುಖವಾಗ್ಲಿ ಅಂತ ಹಿಂದೆ ಹಾಲೂ ಎರಚ್ಲಿಲ್ಲ." ಹಂದ್‌ಸುರೆನ್ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು. "ಸೌಟು ಕೈಲೇ ಇತ್ತು. ಅವರು ಬೈಕ್ ಸ್ಟಾರ್ಟ್ ಮಾಡಿ ಒಂದ್ ಗಳಿಗೆ ಹೋಗ್ದೇ ನಿಂತಿದ್ರು. ಆಮೇಲೆ ಹೋದ್ರು."

ದುಲ್ಮಾಳಿಗೆ ನಲವತ್ತೇಳು. ಒಂದು ಸೌಟು ಎಷ್ಟು ಭಾರವಾಗಬಲ್ಲದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಣೆಯಾದ ಪ್ರಕರಣ, ಸಂಖ್ಯೆ ಏಳು ಎಂದು ಬರೆದಳು. ಸಹಿ ಹಾಕುವಾಗ ಹಂದ್‌ಸುರೆನ್ ಕೇಳಿದಳು:

"ಸಿಕ್ಕಿದ್ರೆ ಒಂದ್ ಮಾತು ನನಗೆ ಬೇಕು. ಬದುಕಿರ್ಲಿ, ಇಲ್ದಿರ್ಲಿ. ಯಾರ ಮನೆಗೆ ಹೋಗ್ತಿದ್ರು ಅಂತ. ಅಷ್ಟೇ."

ಮಾರ್ಚ್ ಇಪ್ಪತ್ತೊಂಬತ್ತರ ಸಂಜೆ ಒಬ್ಬ ಒಂಟೆಗಾಹಿಯಿಂದ ಫೋನು ಬಂತು. ಡಾಂಬರು ರಸ್ತೆಯಿಂದ ಹನ್ನೆರಡು ಕಿಲೋಮೀಟರ್ ದಕ್ಷಿಣಕ್ಕೆ, ಬತ್ತಿದ ಹಳ್ಳದಲ್ಲಿ ಒಂದು ಬೈಕು ನಿಂತಿದೆ. ಸವಾರನಿಲ್ಲ. ಮರುದಿನ ಮಧ್ಯಾಹ್ನ ಒಂದೂವರೆಗೆ ದುಲ್ಮಾ, ಚೋಯ್ಜಿಲ್ ಜೀಪಿನಲ್ಲಿ ಅಲ್ಲಿ ಮುಟ್ಟಿದರು. ಒಂಟೆಗಾಹಿ ಮತ್ತು ಅವನ ಭಾವಮೈದ ಪಂಚ ಸಾಕ್ಷಿಗಳಾದರು. ಮಹಜರು ಶುರುವಾಯಿತು.

ಬೈಕು ಉತ್ತರಕ್ಕೆ ಮುಖ ಮಾಡಿ ಸ್ಟ್ಯಾಂಡಿನ ಮೇಲಿತ್ತು. ಟ್ಯಾಂಕಿನ ತಳದಲ್ಲಿ ನೀರು. ಹಿಂದೆ ಕಟ್ಟಿದ್ದ ಹತ್ತು ಲೀಟರ್ ಕ್ಯಾನಿನಲ್ಲೂ ನೀರು, ಮೇಲೆ ತೆಳ್ಳಗೆ ಪೆಟ್ರೋಲಿನ ಬಣ್ಣ.

"ಟ್ಯಾಂಕ್ ಖಾಲಿಯಾಗಿದೆ. ಕ್ಯಾನಲ್ಲಿ ಪೆಟ್ರೋಲ್ ಇದೆ ಅಂದ್ಕೊಂಡು ಸುರ್ಕೊಂಡಿದಾರೆ," ಅಂದ ಚೋಯ್ಜಿಲ್. "ಗೋಬಿಯಲ್ಲಿ ಹುಟ್ಟಿದೋನು ಕ್ಯಾನ್ ಮೂಸ್ದೇ ಹೊರಡಲ್ಲ ಮೇಡಂ. ಹೊರಡೋ ಹೊತ್ತಲ್ಲೇ ಯಾರೋ ಬದಲಾಯಿಸಿದಾರೆ. ತೂಕದಲ್ಲಿ ಗೊತ್ತಾಗ್ಬಾರ್ದು ಅಂತ ನೀರು ತುಂಬಿದಾರೆ."

ಶವ ಸಿಕ್ಕಿದ್ದು ಒಂಬತ್ತು ಕಿಲೋಮೀಟರ್ ದೂರದಲ್ಲಿ, ಒಂದು ಸಾಕ್ಸೌಲ್ ಪೊದೆಯ ಬುಡದಲ್ಲಿ. ಇಪ್ಪತ್ತೊಂದರ ಮಧ್ಯಾಹ್ನ ಎದ್ದ ಧೂಳುಗಾಳಿ ಇಪ್ಪತ್ತೆರಡರ ಸಂಜೆಯವರೆಗೂ ನಿಂತಿರಲಿಲ್ಲ. ಸಾವು ಚಳಿಯಿಂದ. ಮೈಮೇಲೆ ಗಾಯವಿಲ್ಲ. ಎಡಗೈಯ ಕೊನೆಯ ಎರಡು ಬೆರಳು ಇಲ್ಲ, ಹಳೆಯದು. ಎದೆಯ ಮೇಲೆ ಕೋಟಿನೊಳಗೆ ನೀಲಿ ಹದಗ್, ಅದರಲ್ಲಿ ಸುತ್ತಿಟ್ಟ ಕೆಂಪು ಉಣ್ಣೆಯ ಗವಸು ಒಂದು, ಹೆಣ್ಣಿನ ಅಳತೆಯದು. ಗವಸಿನ ಮಣಿಕಟ್ಟಿನ ದಾರವನ್ನು ಚಾಕುವಿನಿಂದ ಕತ್ತರಿಸಿದೆ. ಗಂಟು ಹಾಗೆಯೇ ಉಳಿದಿದೆ. ದುಲ್ಮಾ ಹೇಳಿದಳು, ಚೋಯ್ಜಿಲ್ ಬರೆದುಕೊಂಡ.

ಬರೆಯದೆ ಬಿಟ್ಟದ್ದು ಒಂದಿತ್ತು. ಡಾಂಬರು ರಸ್ತೆ ಉತ್ತರಕ್ಕೆ ಹನ್ನೆರಡೇ ಕಿಲೋಮೀಟರ್. ಅದು ಗೊಂಬೋಗೆ ಗೊತ್ತಿತ್ತು, ಹೋಗುವಾಗ ಅದೇ ರಸ್ತೆಯಿಂದ ಇಳಿದು ಬಂದವನು ಅವನು. ಆದರೂ ಗಾಳಿಯಲ್ಲಿ ದಕ್ಷಿಣಕ್ಕೆ ನಡೆದಿದ್ದ. ಬೈಕು ಬೆನ್ನು ಮಾಡಿ ಬಂದಿದ್ದ ಕಡೆಗೇ.

ಬೈಕಿನ ಬಳಿ ಮರಳಿದಾಗ ದುಲ್ಮಾ ಹಿಂಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ಗಾಳಿ ಬಡಿಯದ ಆ ಬದಿಯಲ್ಲಿ, ನಂಬರ್ ಪ್ಲೇಟಿನ ಮೇಲೆ, ಚೀಲದ ಕೆಳಗೆ, ಬಿಳಿಯ ಹನಿಗಳು ಒಣಗಿದ್ದವು. ಚೋಯ್ಜಿಲ್ ಉಗುರಿನಿಂದ ಕೆರೆದು ನಾಲಿಗೆಗಿಟ್ಟ.

"ಸಾಕ್ಷಿ ತಿಂದ್ಬಿಡ್ಬೇಡ ಮಾರಾಯ."

"ಉಪ್ಪುಪ್ಪಾಗಿದೆ ಮೇಡಂ. ಒಂಟೆ ಹಾಲು."

"ಹೆಂಡತಿ ಎರಚಿಲ್ಲ."

"ಅಂದ್ರೆ ಇನ್ನೊಬ್ರು ಕಳಿಸಿಕೊಟ್ಟಿದಾರೆ. ಗಾಳಿಗೆ ಮುಂಚೆ."

ದುಲ್ಮಾ ಒಂಟೆಗಾಹಿಯತ್ತ ತಿರುಗಿದಳು. "ಈ ಸೀಮೇಲಿ ಇಷ್ಟು ಬೇಗ ಯಾರ ಒಂಟೆ ಈದಿದೆ ಅಣ್ಣ?"

"ನಮ್ಮವೆಲ್ಲ ಇನ್ನೂ ಹೊಟ್ಟೆ ಹೊತ್ಕೊಂಡೇ ತಿರುಗ್ತಾ ಇವೆ. ದಕ್ಷಿಣಕ್ಕೆ ಮೂವತ್ತು ಕಿಲೋಮೀಟರ್ ಹೋದ್ರೆ ನೋರ್ಜ್ಮಾ ಅಂತ ಒಬ್ಬಜ್ಜಿ ಇದಾಳೆ. ಅವಳದ್ದೊಂದು ಈದಿದೆ. ಒಂಟಿ ಜೀವ. ಒಳ್ಳೇ ಜೀವ."

ಅಂದು ಸಂಜೆ ರಸ್ತೆಬದಿಯ ಚಹಾದಂಗಡಿಯಲ್ಲಿ ಸಿಗ್ನಲ್ ಸಿಕ್ಕಿತು. ಜಿಲ್ಲಾ ಕಚೇರಿಯ ಗುಮಾಸ್ತ ಗೊಂಬೋನ ಹೆಸರಿನ ಹಳೆಯ ಕಡತ ಹುಡುಕಿ ಓದಿದ. ಎಂಟು ವರ್ಷದ ಹಿಂದಿನ ನವೆಂಬರ್. ಉದ್ವಾಲ್, ಶಾಲಾ ಶಿಕ್ಷಕಿ, ಇಪ್ಪತ್ತಮೂರು ವರ್ಷ. ರಜೆಗೆ ಊರಿಗೆ ಹೋಗಲು ಗೊಂಬೋನ ಬೈಕಿನ ಹಿಂದೆ ಕೂತು ಹೊರಟಿದ್ದಳು. ಹಿಮಗಾಳಿಯಲ್ಲಿ ಎಂಜಿನ್ ನಿಂತಿತು. ಅವಳನ್ನು ಬೈಕಿನ ಮರೆಯಲ್ಲಿ ಕೂರಿಸಿ ಅವನು ನೆರವಿಗೆ ನಡೆದ. ನೆರವು ಬರುವಷ್ಟರಲ್ಲಿ ಅವಳು ಬದುಕಿರಲಿಲ್ಲ. ಅವನ ಎರಡು ಬೆರಳು ಹೋದವು. ಆಕಸ್ಮಿಕ ಸಾವು, ಕಡತ ಮುಕ್ತಾಯ. ಮೃತಳ ತಾಯಿ: ನೋರ್ಜ್ಮಾ.

ಚೋಯ್ಜಿಲ್ ಚಹಾ ಬಟ್ಟಲನ್ನು ಕೆಳಗಿಟ್ಟು ಜೀಪಿಗೆ ಪೆಟ್ರೋಲ್ ತುಂಬಿಸಲು ಎದ್ದ.

ಮಾರ್ಚ್ ಮೂವತ್ತೊಂದು, ಹನ್ನೊಂದು ಗಂಟೆ ನಲವತ್ತು ನಿಮಿಷ. ಗುಡಾರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ಜೀಪು ನಿಲ್ಲಿಸಿ ಚೋಯ್ಜಿಲ್ ಕೂಗಿದ: "ನಾಯಿ ಹಿಡ್ಕೊಳ್ಳಿ!"

"ನಾಯಿ ಸತ್ತು ಎರಡು ವರ್ಷ ಆಯ್ತು. ಬನ್ರಪ್ಪ ಒಳಗೆ," ಎಂದಳು ನೋರ್ಜ್ಮಾ. ಅರವತ್ತೊಂದರ ಸಣ್ಣ ಮೈಯ ಹೆಂಗಸು. ಒಂಟೆಮರಿಯನ್ನು ಎಡಗೈಯಿಂದ ಗೂಟಕ್ಕೆ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿ ಬಂದು ಚಹಾ ಕೊಟ್ಟಳು, ಹುರಿದ ಹಿಟ್ಟಿನ ತಟ್ಟೆ ಇಟ್ಟಳು. ಪೊಲೀಸರೇಕೆ ಬಂದರೆಂದು ಕೇಳಲಿಲ್ಲ.

"ಈಚೆಗೆ ಯಾರಾದ್ರೂ ಬಂದಿದ್ರಾ ಅಕ್ಕ? ಬೈಕಲ್ಲಿ?" ಎಂದಳು ದುಲ್ಮಾ.

"ಹೊಸ ವರ್ಷದ ಬಿಳಿ ತಿಂಗಳ ಹಬ್ಬ ಆದ್ಮೇಲೆ ಒಂದು ನರಪಿಳ್ಳೆ ಬಂದಿಲ್ಲ."

"ಗೊಂಬೋ ಅನ್ನೋರು ಚಳಿಗೆ ಸತ್ತಿದಾರೆ. ಅವರ ಬೈಕಿನ ಹಿಂದೆ ಒಂಟೆ ಹಾಲು ಒಣಗಿದೆ. ಈ ದಿಕ್ಕಲ್ಲಿ ಹಾಲು ಕರೆಯೋದು ನೀವೊಬ್ಬರೇ."

ಒಲೆಯಲ್ಲಿ ಉರಿಯುತ್ತಿದ್ದ ಒಂಟೆ ಲದ್ದಿ ಕುಸಿದು ಕೂತಿತು. ನೋರ್ಜ್ಮಾ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು, ಯಾರೋ ನೆರೆಯವರ ಮಗು ಮಾಡಿದ ತಪ್ಪನ್ನು ನೋಡುವ ಹಾಗೆ.

"ಎರಚಿದ್ನಾ," ಎಂದಳು. "ಎರಚಿರ್ಬೇಕು. ಹೊರಟೋರ ಬೆನ್ನು ಕಂಡ್ರೆ ಕೈ ಸುಮ್ಮನಿರಲ್ಲವಲ್ಲ."

"ಹೇಳಿ ಅಕ್ಕ."

"ಇಪ್ಪತ್ತನೇ ತಾರೀಕು ಸಂಜೆ ಬಂದ. ಮುಂಚೆ ಕಂಡವನಲ್ಲ. ಬಟ್ಟಲು ಕೊಟ್ಟೆ. ಬಲಗೈಲಿ ತಗೊಂಡು, ಮರ್ಯಾದೆಗೆ ಎಡಗೈನ ಬಲ ಮೊಣಕೈಗೆ ಆನಿಸ್ದ. ಎರಡು ಬೆರಳು ಇರ್ಲಿಲ್ಲ. ಇವನೇ ಅಂತ ಆಗ ಗೊತ್ತಾಯ್ತು. ಸರಿ, ಹೇಳೋಕೆ ಬಂದಿದಾನೆ, ಹೇಳ್ಲಿ ಅಂತ ಕಾದೆ. ಒಂಟೆ ಎಷ್ಟು ಅಂದ. ಹೇಳ್ದೆ. ಹಿಮ ಎಷ್ಟು ಬಿತ್ತು ಅಂದ. ಹೇಳ್ದೆ. ಮಕ್ಕಳೆಷ್ಟು ಅಂತ ಕೇಳ್ದ."

"ಏನಂದ್ರಿ?"

"ಒಬ್ಬಳಿದ್ಲು ಅಂದೆ. ಬಟ್ಟಲು ಕೆಳಗಿಟ್ಟ. ಬಾಯಿ ತೆರೆದ. ಈಗ ಬರುತ್ತೆ, ಈಗ ಬರುತ್ತೆ ಅಂತ ಉಸಿರು ಹಿಡ್ಕೊಂಡು ಕೂತೆ. 'ಚಹಾ ಚೆನ್ನಾಗಿದೆ ಅಕ್ಕ' ಅಂದ."

ಅವಳು ಒಲೆಗೆ ಇನ್ನೊಂದು ಹಿಡಿ ಲದ್ದಿ ಹಾಕಿದಳು.

"ಎಂಟು ವರ್ಷ. ಕೊನೇಲಿ ಏನಂದ್ಲು, ಅತ್ಲಾ, ನನ್ನ ಕರೆದ್ಲಾ? ಅದಿಷ್ಟು ಸಾಕಿತ್ತು. ನನ್ನ ಮಗಳ್ನ ತಂದು ಮಲಗಿಸಿದಾಗ ಒಂದು ಕೈ ಬರಿದಾಗಿತ್ತು ಕಣವ್ವ. ಗವಸು ನಾನೇ ಹೆಣೆದಿದ್ದು. ಸಾಯೋ ಹುಡುಗಿ ಕೈಯಿಂದ ಕಿತ್ಕೊಂಡು ಹೋಗಿ ತಾನು ಬದುಕಿದ. ಬಂದು ಚಹಾ ಚೆನ್ನಾಗಿದೆ ಅಂತಾನೆ."

"ಬೆಳಿಗ್ಗೆ?"

"ನಾನು ಕೇಳ್ದೇನೇ ಬಾವಿಗೆ ಹೋಗಿ ನಮ್ಮ ಒಂಟೆಗಳಿಗೆಲ್ಲ ನೀರು ಸೇದಿ ಕುಡಿಸಿದ. ಅಷ್ಟರಲ್ಲಿ ಕೊಳವೆ ಹಾಕಿ ಪೆಟ್ರೋಲ್ ತೆಗೆದೆ. ಟ್ಯಾಂಕಲ್ಲಿ ಚೂರು ಬಿಟ್ಟೆ. ಕ್ಯಾನ್ ತುಂಬ ನೀರು. ಅವನೂ ಒಂದಿಷ್ಟು ಹೊತ್ತು ಚಳೀಲಿ ಕಾಯ್ಲಿ ಅಂದ್ಕೊಂಡೆ. ಸಾಯ್ಲಿ ಅಂತ್ಲೂ ಅಂದ್ಕೊಂಡಿದ್ನೇನೋ, ಸುಳ್ಳು ಯಾಕೆ. ಮಧ್ಯಾಹ್ನ ಗಾಳಿ ಎದ್ದಾಗ ಹೊರಗೆ ಹೋಗಿ ನಿಂತೆ. ಸಂಜೆವರೆಗೂ ತಗಡು ಬಡೀತಾ ನಿಂತಿದ್ದೆ, ಶಬ್ದ ಕೇಳಿ ವಾಪಸ್ ಬರ್ಲಿ ಅಂತ."

ಗುಡಾರದ ಹಿಂದೆ ಕಂಬಳಿ ಮುಚ್ಚಿದ ನೀಲಿ ಡ್ರಮ್ಮಿನಲ್ಲಿ ಹದಿಮೂರು ಲೀಟರ್ ಪೆಟ್ರೋಲ್ ಸಿಕ್ಕಿತು. ಒಂದು ತೊಟ್ಟೂ ಬಳಸಿರಲಿಲ್ಲ. ಎರಡನೆಯ ಮಹಜರು ಬರೆದು, ಮಧ್ಯಾಹ್ನ ಎರಡೂ ಹತ್ತಕ್ಕೆ ನೋರ್ಜ್ಮಾಳನ್ನು ಬಂಧಿಸಲಾಯಿತು. ಮರಿಯನ್ನು ಬಿಚ್ಚಿ ತಾಯಿಯ ಬಳಿ ಬಿಡಬೇಕು ಎಂದಳು. ಚೋಯ್ಜಿಲ್ ಗಂಟು ಬಿಚ್ಚಲು ಹೋದ, ಆಗಲಿಲ್ಲ.

"ನಾನು ಎಡಚಿ, ತಮ್ಮ. ನನ್ನ ಗಂಟು ಉಲ್ಟಾ. ನನಗೆ, ನನ್ನ ಮಗಳಿಗೆ ಬಿಟ್ರೆ ಯಾರ್ಗೂ ಬರಲ್ಲ," ಎಂದು ತಾನೇ ಬಿಚ್ಚಿದಳು.

ಏಪ್ರಿಲ್ ಒಂದರ ಬೆಳಿಗ್ಗೆ ವಸ್ತುಗಳ ಗುರುತು ಹಿಡಿಸುವ ಕೆಲಸವಿತ್ತು. ಗಂಡ ಯಾರ ಮನೆಗೆ ಹೋಗಿದ್ದ, ಹೇಗೆ ಸತ್ತ ಎಂಬುದನ್ನು ದುಲ್ಮಾ ಹೆಂಡತಿಗೆ ಆಗಲೇ ಹೇಳಿದ್ದಳು. ಠಾಣೆಗೆ ಇರುವುದು ಎರಡೇ ಕೋಣೆ. ಹಂದ್‌ಸುರೆನ್ ಮೇಜಿನ ಈಚೆ ನಿಂತಳು, ನೋರ್ಜ್ಮಾ ಆಚೆಯ ಬೆಂಚಿನಲ್ಲಿ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಗಡಿಯಾರ ಅವರ್ದು. ಹದಗ್ ಅವರ್ದು," ಎಂದಳು ಹಂದ್‌ಸುರೆನ್. ಗವಸಿನ ಬಳಿ ಬಂದಾಗ ಅವಳ ದನಿ ಸಣ್ಣದಾಯಿತು. "ಇದು ಅವರ ಜೇಬಲ್ಲಿತ್ತು. ಅವರ್ದಲ್ಲ. ಒಂದ್ಸಲ ಹೊಟ್ಟೆಕಿಚ್ಚಿಗೆ ಬಚ್ಚಿಟ್ಟಿದ್ದೆ. ಮನೆಯೆಲ್ಲ ಹುಡುಕಿ ಅತ್ಬಿಟ್ರು. ವಾಪಸ್ ಇಟ್ಟೆ."

ದುಲ್ಮಾ ಗವಸನ್ನು ನೋರ್ಜ್ಮಾಳ ಮುಂದಿಟ್ಟಳು. "ಇದು ನೀವು ಹೆಣೆದಿದ್ದಾ?"

ಕೈಯಲ್ಲಿ ತೆಗೆದುಕೊಂಡು ಅಂಗೈ ಸವರಿದಳು. "ಹೂಂ. ನಂದೇ." ಬೆರಳು ಮಣಿಕಟ್ಟಿಗೆ ಬಂತು, ಕತ್ತರಿಸಿದ ದಾರಕ್ಕೆ ಬಂತು, ಗಂಟಿನ ಮೇಲೆ ನಿಂತಿತು. ಎತ್ತಿ ಬೆಳಕಿಗೆ ಹಿಡಿದಳು. ಎರಡು ಸುತ್ತು, ಎಡಕ್ಕೆ ತಿರುವಿ ಒಳಗೆ ತೂರಿಸಿದ ಕುಣಿಕೆ.

"ಈ ಗಂಟು..." ಎಂದಳು.

ದುಲ್ಮಾಳಿಗೂ ಆಗಲೇ ಕಂಡದ್ದು. ಗಂಡಸಿನ ಕೈಗೆ ಆ ಗವಸು ಮೂರು ಬೆರಳಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಹೊರಗುಳಿದವು ಎರಡು. ತನ್ನ ಮಣಿಕಟ್ಟಿಗೆ ತಾನೇ ಒಂದು ಕೈಯಲ್ಲಿ ಯಾರೂ ಗಂಟು ಹಾಕಿಕೊಳ್ಳಲಾರರು.

"ಅವಳೇ ಕಟ್ಟಿದಾಳೆ," ಎಂದಳು ನೋರ್ಜ್ಮಾ. "ಅವನು ಕಿತ್ಕೊಂಡಿಲ್ಲ. ನನ್ನ ಮಗಳೇ ಅವನ ಕೈಗೆ ಹಾಕಿ ಕಟ್ಟಿ ಕಳಿಸಿದಾಳೆ. ಬಿಚ್ಚದ ಹಾಗೆ." ಗವಸನ್ನು ಬಾಯಿಗೆ ಒತ್ತಿಕೊಂಡಳು. ಅವಳು ಅತ್ತ ಸದ್ದು ಉಣ್ಣೆಯೊಳಗೇ ಉಳಿಯಿತು.

ಬಹಳ ಹೊತ್ತಿನ ಮೇಲೆ ಹಂದ್‌ಸುರೆನ್ ಕೇಳಿದಳು, ಗೋಡೆಯನ್ನು ನೋಡುತ್ತ: "ಅವರು ಹೊರಟಾಗ ನೀವು ಹಾಲು ಎರಚಿದ್ರಂತೆ."

"ಎರಚ್ದೆ."

"ನಾನು ಎರಚಿರ್ಲಿಲ್ಲ," ಎಂದಳು ಹಂದ್‌ಸುರೆನ್.

ವರದಿಯ ಕೊನೆಯ ಕಲಂ 'ಕೃತ್ಯಕ್ಕೆ ಕಾರಣ'. ದುಲ್ಮಾ 'ಮಗಳ ಸಾವಿನ ದ್ವೇಷ' ಎಂದು ಬರೆದು ಹೊಡೆದುಹಾಕಿದಳು. 'ಮೃತನು ಹೇಳಬೇಕಿದ್ದ ಮಾತನ್ನು ಹೇಳದೆ ಹೋದದ್ದು. ಆರೋಪಿಯು ಕೇಳಬೇಕಿದ್ದನ್ನು ಕೇಳದೆ ಹೋದದ್ದು' ಎಂದು ಬರೆದಳು. ಮೇಲಧಿಕಾರಿ ಒಪ್ಪುವುದಿಲ್ಲ ಎಂದು ಗೊತ್ತಿದ್ದೂ ಹಾಗೆಯೇ ಸಹಿ ಹಾಕಿದಳು.

ಹನ್ನೊಂದೂವರೆಗೆ ನೋರ್ಜ್ಮಾಳನ್ನು ಹತ್ತಿಸಿಕೊಂಡು ಜೀಪು ಪೂರ್ವಕ್ಕೆ, ಜಿಲ್ಲಾ ಕೇಂದ್ರದ ಕಡೆಗೆ ಹೊರಟಿತು. ಹಂದ್‌ಸುರೆನ್ ಠಾಣೆಯ ಅಡುಗೆ ಮೂಲೆಯಿಂದ ಒಂದು ಸೌಟು ಹಾಲು ಹಿಡಿದು ಹೊರಗೆ ಬಂದಳು. ಜೀಪಿನ ಧೂಳು ಕೂರುವವರೆಗೂ ಅಲುಗದೆ ನಿಂತಿದ್ದಳು. ಆಮೇಲೆ ಪಶ್ಚಿಮಕ್ಕೆ ತಿರುಗಿದಳು. ಬೈಕು ಹೋದ ದಿಕ್ಕಿಗೆ ಕೈ ಎತ್ತಿ, ಹದಿಮೂರು ದಿನ ತಡವಾಗಿ, ಎರಚಿದಳು.