ಮೂರು ಚಕ್ರದ ಗಾಡಿಯ ನಾಲ್ಕನೇ ತಪಾಸಣೆ

ಆ ಗಾಡಿಯನ್ನು ನಾನು ಮೂರು ಸಲ ಫೇಲ್ ಮಾಡಿದ್ದೆ. ಮೊದಲ ಸಲ ನ್ಯಾಯವಾಗಿ, ಎರಡನೇ ಸಲ ಅರೆಮನಸ್ಸಿನಿಂದ, ಮೂರನೇ ಸಲ ಮೊಸರಲ್ಲಿ ಕಲ್ಲು ಹುಡುಕಿ. ಹನ್ನೊಂದು ವರ್ಷದಿಂದ ವಾಹನ ತಪಾಸಣೆ ಮಾಡುತ್ತಿದ್ದೇನೆ. ಮಾಲೀಕ ಇನ್ನೊಮ್ಮೆ ಬರಲಿ ಎಂಬ ಆಸೆಗೆ ಹಾರ್ನಿನಲ್ಲಿ ತಪ್ಪು ಕಂಡುಹಿಡಿದದ್ದು ಅದೇ ಮೊದಲು.

ಮಾಲೀಕ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮೊದಲ ದಿನ ಟೆಂಪೋದಿಂದ ಗಾಡಿ ಇಳಿಸಿದಾಗ ಕಚೇರಿಯವರೆಲ್ಲ ಕಿಟಕಿಗೆ ಬಂದಿದ್ದರು. ಮುಂದೆ ಎರಡು ಚಕ್ರ, ಹಿಂದೆ ಒಂದು. ಸ್ಟೀರಿಂಗ್ ಬದಲು ಹ್ಯಾಂಡಲ್ಲು. ಒಬ್ಬರ ಹಿಂದೆ ಒಬ್ಬರು ಕೂರುವ ಎರಡೇ ಸೀಟು, ಮೇಲೊಂದು ಗಾಜಿನ ಮುಚ್ಚಳ. ಇದು ಕಾರೋ ಸ್ಕೂಟರೋ ಎಂದು ಕೇಳಿದೆ. ಆ ಕಾಲದವರಿಗೂ ಅದೇ ಅನುಮಾನ ಇತ್ತು ಮೇಡಂ ಎಂದ.

ಮಹಾಯುದ್ಧ ಮುಗಿದ ಮೇಲೆ, ಸೋತ ದೇಶದಲ್ಲಿ ಹುಟ್ಟಿದ ಗಾಡಿ ಅದು. ಕಾಲು ಕಳೆದುಕೊಂಡ ಸೈನಿಕರಿಗೆಂದು ಒಬ್ಬ ಎಂಜಿನಿಯರ್ ಕೈಯಲ್ಲಿ ನಡೆಸುವ ಬಂಡಿ ಕಟ್ಟುತ್ತಿದ್ದನಂತೆ. ಪೆಟ್ರೋಲಿಗೂ ತಗಡಿಗೂ ಬರ ಇದ್ದ ದಿನಗಳು. ಕಾಲಿದ್ದವರೂ ನಮಗೊಂದು ಕಟ್ಟಿಕೊಡು ಎಂದು ಬಂದರು. ಅತ್ತ ವಿಮಾನದ ಕಾರ್ಖಾನೆಯೊಂದು, ಇನ್ನು ವಿಮಾನ ಮಾಡಕೂಡದೆಂದು ಅಪ್ಪಣೆಯಾಗಿ, ಕೆಲಸವಿಲ್ಲದೆ ಕೂತಿತ್ತು. ಹೀಗೆ ಇಬ್ಬರು ಗತಿಗೆಟ್ಟವರು ಒಂದಾದ ಮೇಲೆ ಇದು ಹುಟ್ಟಿತು. ಇಷ್ಟನ್ನೂ ಅವನು ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತ ಹೇಳಿದ. ನಾನು ಬೆರಳುಗಳನ್ನೇ ನೋಡುತ್ತಿದ್ದೆ. ಸೂಜಿಯ ಕಣ್ಣಿಗೆ ಒಗ್ಗಿಕೊಂಡ ಬೆರಳು, ಯಾವುದಕ್ಕೂ ಆತುರವಿಲ್ಲ.

ಗಾಡಿ ಅವನ ತಾಯಿಯ ಸೋದರಮಾವನದು. ಅವನಮ್ಮ ಚಿಕ್ಕವರಿದ್ದಾಗ ಅದರ ಹಿಂದಿನ ಸೀಟಿನಲ್ಲಿ ಕೂತು ಶಾಲೆಗೆ ಹೋಗಿದ್ದರು. ಆಮೇಲೆ ಅದು ಶೆಡ್ಡು ಸೇರಿತು, ಕೋಳಿಗಳು ಅದರಲ್ಲಿ ಮೊಟ್ಟೆ ಇಟ್ಟವು. ಬಿಡುವಿದ್ದಾಗಲೆಲ್ಲ ಕೂತು ನಾಲ್ಕು ವರ್ಷದಲ್ಲಿ ಅವನು ಅದಕ್ಕೆ ಜೀವ ತಂದಿದ್ದ. ಭಾನುವಾರ ನಡೆಯುವ ಹಳೇ ವಾಹನಗಳ ಮೆರವಣಿಗೆಗೆ ಅಮ್ಮನನ್ನು ಅದೇ ಸೀಟಿನಲ್ಲಿ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದ. ನಮ್ಮ ಸರ್ಟಿಫಿಕೇಟ್ ಇಲ್ಲದೆ ಅಲ್ಲಿಗೆ ಬಿಡುವುದಿಲ್ಲ.

ಮೊದಲ ಸಲ ಗಾಡಿ ಹಿಂದಕ್ಕೆ ಹೋಗಲಿಲ್ಲ, ಫೇಲ್. ಎರಡನೇ ಸಲ ಹೋಯಿತು. ರಿವರ್ಸಿಗೆಂದು ಅದಕ್ಕೆ ಬೇರೆ ಗೇರಿಲ್ಲ. ಎಂಜಿನ್ ಆರಿಸಿ, ಉಲ್ಟಾ ತಿರುಗುವ ಹಾಗೆ ಮತ್ತೆ ಸ್ಟಾರ್ಟ್ ಮಾಡಬೇಕು. ಹಿಂದಿನ ಸೀಟಿನಲ್ಲಿ ಫಾರಂ ಹಿಡಿದು ಕೂತಿದ್ದ ನನಗೆ ಅವನ ಕತ್ತು ಮತ್ತು ಎರಡು ಕಿವಿ ಮಾತ್ರ ಕಾಣುತ್ತಿದ್ದವು. ಮುಂದಕ್ಕಿರುವಷ್ಟೇ ಗೇರು ಹಿಂದಕ್ಕೂ ಇದೆ, ನಾಲ್ಕೂ ತೋರಿಸಲೇ ಎಂದು ಕೇಳಿದ. ಒಂದು ಸಾಕು ಎಂದೆ. ಪುಟ್ಟ ಕನ್ನಡಿಯಲ್ಲಿ ನಮ್ಮ ಕಣ್ಣು ಕೂಡಿದವು. ಅವನು ರಸ್ತೆ ನೋಡಬೇಕಿತ್ತು, ನಾನು ಫಾರಂ ನೋಡಬೇಕಿತ್ತು. ಇಬ್ಬರೂ ನಮ್ಮ ಕೆಲಸ ಮಾಡಲಿಲ್ಲ. ಅವನ ಕಿವಿ ಕೆಂಪಾಯಿತು. ಬ್ರೇಕ್ ಲೈಟ್ ಮಿಣುಕುತ್ತಿದೆ ಎಂದು ಬರೆದು ಇಳಿದೆ.

ಫೇಲ್ ಮಾಡುವುದು ಸುಲಭ. ಪಾಸ್ ಮಾಡಬೇಕಾದರೆ ಮಾತ್ರ ಕೊನೆಯಲ್ಲೊಂದು ಘೋಷಣೆಗೆ ಸಹಿ ಹಾಕಬೇಕು: ಮಾಲೀಕರೊಂದಿಗೆ ನನಗೆ ಈ ಕೆಳಗಿನ ಯಾವ ನಂಟೂ ಇಲ್ಲ. ಒಂದು, ರಕ್ತದ ಅಥವಾ ಮದುವೆಯ ಸಂಬಂಧ. ಎರಡು, ಸ್ನೇಹ. ಮೂರು, ವ್ಯವಹಾರ. ಯಾವುದಾದರೂ ಇದ್ದರೆ ಅದಕ್ಕೆ ಗುರುತು ಹಾಕಿ ಗಾಡಿಯನ್ನು ಬೇರೆ ಅಧಿಕಾರಿಗೆ ಬಿಡಬೇಕು. ಸಾವಿರಾರು ಸಲ ಕಣ್ಣುಮುಚ್ಚಿ ಸಹಿ ಹಾಕಿದ್ದೇನೆ. ಈಗ ನನಗೆ ಅವನು ಬೇಕಾಗಿದ್ದ. ಸಹಿ ಹಾಕಿದರೆ ಸುಳ್ಳು, ಹಾಕದಿದ್ದರೆ ಆ ತಾಯಿಯ ಭಾನುವಾರ ಹಾಳು. ಬೇರೆ ಅಧಿಕಾರಿ ಎಂದರೆ ನಮ್ಮ ದೊಡ್ಡ ಸಾಹೇಬರೊಬ್ಬರೇ, ಅವರು ಸೋಮವಾರದವರೆಗೆ ರಜೆ. ನನ್ನ ಅಕ್ಕನಿಗೆ ಹೇಳಿದರೆ, ಸಹಿ ಹಾಕಿ ಬಿಸಾಕು, ಸೋಮವಾರದಿಂದ ಪ್ರೀತಿ ಮಾಡು ಅಂದಳು. ಅವಳಿಗೆ ಎಲ್ಲವೂ ಸುಲಭ.

ಶುಕ್ರವಾರ ಅವನು ನಾಲ್ಕನೇ ಸಲ ಬಂದ. ಬ್ರೇಕು, ಲೈಟು, ಹಾರ್ನು, ಟೈರು, ಒಂದೊಂದೇ ನೋಡಿದೆ. ಹುಳುಕು ಎಂಬುದು ಹೆಸರಿಗೂ ಇರಲಿಲ್ಲ. ಎಲ್ಲ ಕಾಲಮ್ಮಿನಲ್ಲೂ ಸರಿ ಇದೆ ಎಂದು ಬರೆದು, ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ.

"ಮತ್ತೇನು ತಪ್ಪು ಮೇಡಂ?" ಅವನ ದನಿಯಲ್ಲಿ ಮೊದಲ ಸಲ ಬೇಸರ ಕಂಡಿತು.

"ಗಾಡೀಲಿ ಏನೂ ತಪ್ಪಿಲ್ಲ. ಹೋದ ಸಲಾನೂ ಇರಲಿಲ್ಲ. ಹಾರ್ನ್ ಚೆನ್ನಾಗೇ ಇತ್ತು."

"ಮತ್ತೆ ಯಾಕೆ ಫೇಲ್ ಮಾಡಿದ್ರಿ?"

ಫಾರಂ ಅವನ ಕಡೆ ತಿರುಗಿಸಿ ಘೋಷಣೆಯ ಮೇಲೆ ಬೆರಳಿಟ್ಟೆ. ಅವನು ಓದಿದ. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ. ಭಾನುವಾರ ಗಾಡಿ ಹೋಗುವುದಿಲ್ಲ, ತಪ್ಪು ನನ್ನದೇ, ಕ್ಷಮಿಸಿ ಎಂದೆ. ನಾಲ್ಕು ವರ್ಷದ ಕೆಲಸವನ್ನು ಕೈಯಾರೆ ಕೆಡಿಸಿದ್ದೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

"ಮೂರರಲ್ಲಿ ಯಾವುದಕ್ಕೂ ಗುರುತು ಹಾಕಿಲ್ಲ ನೀವು," ಎಂದ.

"ನಿಮ್ಮನ್ನ ಕೇಳಿ ಹಾಕೋಣ ಅಂತ."

ಅವನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ಬೆರಳು ತಗುಲಿತು; ತೆಗೆಯಲು ಇಬ್ಬರಿಗೂ ಆತುರವಿರಲಿಲ್ಲ. ಎರಡನೆಯದಕ್ಕೆ, ಸ್ನೇಹಕ್ಕೆ, ಗುರುತು ಹಾಕಿದ.

"ಸದ್ಯಕ್ಕೆ ಇದಿರಲಿ," ಎಂದ. "ಮೇಲಿನದಕ್ಕೆ ಹಾಕೋ ಮುಂಚೆ ಅಮ್ಮನ್ನ ಒಂದು ಮಾತು ಕೇಳಬೇಕು. ಭಾನುವಾರ ಯಾಕೆ ಹೋಗಕ್ಕಾಗಲ್ಲ ಅಂತಾನೂ ನೀವೇ ಬಂದು ಹೇಳಬೇಕು. ನಾನಂತೂ ಹೇಳಲ್ಲ, ನನಗೆ ಧೈರ್ಯ ಇಲ್ಲ."

ಟೆಂಪೋದಲ್ಲಿ ಗಾಡಿಯ ಜೊತೆ ನಾನೂ ಹೋದೆ. ಅವನಮ್ಮ ಬಾಗಿಲಲ್ಲೇ ನಿಂತಿದ್ದರು. ಏನಾಯಿತು ಹೇಳಿ ಎಂದು ಕುರ್ಚಿ ಎಳೆದು ಕೊಟ್ಟರು. ಹಾರ್ನಿನಿಂದ ಹಿಡಿದು ಎಲ್ಲವನ್ನೂ, ಕಚೇರಿಯಲ್ಲಿ ವರದಿ ಒಪ್ಪಿಸುವ ಹಾಗೆ, ಒಂದೂ ಬಿಡದೆ ಹೇಳಿದೆ. ಅವರು ಮಗನ ಮುಖ ನೋಡಿದರು. ಅವನು ಟೆಂಪೋದ ಹಗ್ಗ ಸುತ್ತುತ್ತಿದ್ದ, ಕಿವಿ ಕೆಂಪಗಾಗಿತ್ತು.

"ಮೆರವಣಿಗೆ ಮುಂದಿನ ವರ್ಷಾನೂ ಬರುತ್ತೆ, ಬಿಡು," ಎಂದರು ಅವರು, ನನ್ನ ಕಡೆ ತಿರುಗಿ. "ಆದ್ರೆ ಹಿಂದಿನ ಸೀಟು ನನ್ನದೇ, ಈಗಲೇ ಹೇಳಿಬಿಟ್ಟಿದೀನಿ. ಮುಂದೆ ನೀನು ಕೂತು ಓಡಿಸು. ಇವನು ನಡ್ಕೊಂಡು ಬರ್ತಾನೆ."