ಹದಿನೇಳನೇ ಉಲ್ಲೇಖ

ದೊಡ್ಡಮ್ಮನ ಮನೆಗೆ ಬಂದ ಮಕ್ಕಳ ಡಾಕ್ಟರ್ ಕೂತುಕೊಳ್ಳಲೂ ಇಲ್ಲ. ಒಂದು ತೋಳಿನಲ್ಲಿ ಎರಡು ತಿಂಗಳ ಕೂಸು, ಇನ್ನೊಂದು ಕೈಯಲ್ಲಿ ಅಮಾನತಿನ ಪತ್ರ.

"ಹದಿನಾಲ್ಕು ತಿಂಗಳ ಮಗು ಅಮ್ಮಾ. ನನ್ನ ಲೇಖನ ನಂಬಿ ಯಾರೋ ಔಷಧ ಕೊಟ್ಟಿದ್ದಾರೆ. ನಾಲ್ಕು ದಿನದಿಂದ ಅದು ಕಣ್ಣು ಬಿಟ್ಟಿಲ್ಲ. ಆದರೆ ಆ ಸಾಲು ನಾನು ಬರೆದಿದ್ದಲ್ಲ!"

ದೊಡ್ಡಮ್ಮ ಮೂವತ್ತು ವರ್ಷ ವೈದ್ಯಕೀಯ ಕಾಲೇಜಿನ ಗ್ರಂಥಪಾಲಕಿಯಾಗಿದ್ದವರು. ಕಾಣೆಯಾದ ಪುಸ್ತಕ ಹುಡುಕುತ್ತ ಹುಡುಕುತ್ತ ಕದ್ದವರನ್ನು ಹಿಡಿಯುವುದೂ ಅವರಿಗೆ ಕರಗತವಾಗಿತ್ತು. ತಂಗಿಯ ಮಗಳು ಚಿನ್ನಿ ಎಂದಿನಂತೆ ನೋಟ್‌ಬುಕ್ ತೆರೆದಳು.

ವೈದ್ಯಕೀಯ ಪತ್ರಿಕೆಗೆ ಡಾಕ್ಟರ್ ಬರೆದಿದ್ದು, ಎರಡು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಈ ಔಷಧ ಎಂದು. ಅಚ್ಚಾದದ್ದರಲ್ಲಿ ಇನ್ನೊಂದು ಸಾಲು ಸೇರಿತ್ತು: ಅದಕ್ಕಿಂತ ಚಿಕ್ಕವರಿಗೂ ಇದೇ ಪ್ರಮಾಣ ಸುರಕ್ಷಿತ. ಆಧಾರವಾಗಿ ಹದಿನೇಳನೇ ಉಲ್ಲೇಖ.

"ಅಚ್ಚಿಗೆ ಮೊದಲು ಲೇಖನ ಓದೋ ಪರಿಶೀಲಕರ ಪ್ರಶ್ನೆಗಳಿಗೆ ಉತ್ತರ ಕಳಿಸುವಾಗ ನಾನೇ ಸೇರಿಸಿದೆ ಅಂತಾರೆ ಸಂಪಾದಕರು. ಆವತ್ತು ನಾನೇ ಹೆರಿಗೆ ವಾರ್ಡಿನಲ್ಲಿ ಮಲಗಿದ್ದೆ."

"ಬೇರೆ ಯಾರ ಕೈಗೆ ಹೋಗಿತ್ತು?"

"ಸಹಲೇಖಕರಾದ ನಮ್ಮ ವಿಭಾಗದ ಮುಖ್ಯಸ್ಥರಿಗೆ. ಆಮೇಲೆ ಕರಡು ತಿದ್ದುವವರಿಗೆ."

ಮುಖ್ಯಸ್ಥರು ಮುಖ ಗಂಟಿಕ್ಕಿಕೊಂಡೇ ಸಂಪಾದಕರ ಪತ್ರ ತೋರಿಸಿದರು. ಅದರಲ್ಲಿ ಎರಡು ಪ್ರಶ್ನೆ: ಮಕ್ಕಳ ಸಂಖ್ಯೆ ಯಾಕೆ ಕಡಿಮೆ, ಎರಡನೇ ಕೋಷ್ಟಕ ಯಾಕೆ ಅಪೂರ್ಣ. "ಒಂದು ವಾರ ಸಮಯ ಕೇಳಿದ್ದೆ. ಅಷ್ಟರಲ್ಲಿ ಅಚ್ಚಾಗಿಬಿಟ್ಟಿತ್ತು. ಈಕೆಯೇ ಉತ್ತರ ಕೊಟ್ಟಿರಬೇಕು ಅಂದ್ಕೊಂಡೆ."

ಕರಡು ತಿದ್ದುವ ಮುದುಕರು ಕನ್ನಡಕ ಒರೆಸಿಕೊಂಡರು. "ಆ ಸಾಲು ನನ್ನ ಮೇಜಿಗೆ ಬರುವಾಗಲೇ ಇತ್ತು ತಾಯಿ. ನಾನು ಹಾಕಿದ್ದು ಒಂದು ಅಲ್ಪವಿರಾಮ."

ಸಂಪಾದಕರಂತೂ ಕಡತವನ್ನು ತಾವೇ ತಂದುಕೊಟ್ಟರು. ಡಾಕ್ಟರ ಹೆಸರಿನ ಉತ್ತರದಲ್ಲಿ ಮೂರು ಸಂದೇಹಗಳಿಗೆ ಒಂದರ ಕೆಳಗೊಂದು ಸಮಾಧಾನವಿತ್ತು. ಅದರ ಹಿಂದೆ ಪರಿಶೀಲಕರ ಒಂದು ಬಿಡಿಹಾಳೆ, 'ಸಂಪಾದಕರ ಗಮನಕ್ಕೆ ಮಾತ್ರ': ಎರಡು ವರ್ಷದೊಳಗಿನವರಿಗೆ ಇದು ಅಪಾಯವಲ್ಲವೆ? ಲೇಖಕರು ಸ್ಪಷ್ಟಪಡಿಸಬೇಕು.

ದೊಡ್ಡಮ್ಮ ಕಡತ ಮುಚ್ಚಿ, ಹಳೆಯ ಗ್ರಂಥಾಲಯದಲ್ಲಿ ಒಂದು ಗಂಟೆ ಕಳೆದು ಬಂದರು.

ಮರುದಿನ ಮಧ್ಯಾಹ್ನ ಎಲ್ಲರೂ ಸಂಪಾದಕರ ಕೋಣೆಯಲ್ಲಿ ಸೇರಿದರು.

"ಹದಿನೇಳನೇ ಉಲ್ಲೇಖದಲ್ಲಿ ಪತ್ರಿಕೆಯ ಹೆಸರು, ವರ್ಷ, ಸಂಚಿಕೆ, ಪುಟ ಎಲ್ಲ ಅಚ್ಚುಕಟ್ಟು," ಎಂದರು ದೊಡ್ಡಮ್ಮ. "ಆದರೆ ಆ ಪತ್ರಿಕೆ ಅಲ್ಲಿ ಕೊಟ್ಟಿರೋ ವರ್ಷಕ್ಕಿಂತ ಆರು ವರ್ಷ ಮೊದಲೇ ನಿಂತುಹೋಗಿತ್ತು. ಕೊನೆಯ ಸಂಚಿಕೆಗೆ ರಟ್ಟು ಕಟ್ಟಿಸಿದವಳೇ ನಾನು. ಮೋಸ ಮಾಡೋ ಮನುಷ್ಯ ಇರೋ ಲೇಖನವನ್ನ ತಿರುಚ್ತಾನೆ. ಇಲ್ಲದ್ದನ್ನ ಇಷ್ಟು ಠೀವಿಯಿಂದ ಹೇಳಿದ್ದು ಎಐ. ಹಾಗಾದರೆ ಅದನ್ನ ಕೇಳಿದ್ದು ಯಾರು?"

ದೊಡ್ಡಮ್ಮ ಕಡತ ತೆರೆದಿಟ್ಟರು.

"ಕರಡು ತಿದ್ದುವವರ ಹತ್ತಿರ ಬರುವ ಮೊದಲೇ ಸಾಲು ಸೇರಿತ್ತು. ಲೇಖಕರಿಗೆ ಹೋದದ್ದು ಎರಡು ಪ್ರಶ್ನೆ. ಉತ್ತರ ಬಂದದ್ದು ಮೂರಕ್ಕೆ. ಆ ಮೂರನೆಯದು ಸಂಪಾದಕರ ಡ್ರಾಯರ್ ಬಿಟ್ಟು ಹೊರಗೇ ಬಂದಿರಲಿಲ್ಲ. ಅದನ್ನ ಕಾಣದವರು ಅದಕ್ಕೆ ಉತ್ತರ ಹೇಗೆ ಬರೀತಾರೆ, ಸಾರ್?"

ಸಂಪಾದಕರ ಮುಖ ಬಿಳಿಚಿಕೊಂಡಿತು. "ಆವತ್ತೇ ಸಂಚಿಕೆ ಅಚ್ಚಿಗೆ ಹೋಗಬೇಕಿತ್ತು. ಪ್ರಶ್ನೆ ಎಲ್ಲಾ ಎಐಗೆ ಹಾಕಿದೆ. ಉತ್ತರ ಎಷ್ಟು ಚೆನ್ನಾಗಿತ್ತು ಅಂದ್ರೆ… ತಾಳೆ ನೋಡಲೇ ಇಲ್ಲ."

"ಎಐ ಕೇಳಿದ್ದಕ್ಕೆ ನಾನು ಬೈಯ್ಯಲ್ಲ. ಓದದೆ ಬಿಟ್ಟಿರಿ, ಯಾರಿಗೂ ಹೇಳಲಿಲ್ಲ, ಕೊನೆಗೆ ಬಾಣಂತಿ ತಲೆಗೆ ಕಟ್ಟಿದಿರಿ." ದೊಡ್ಡಮ್ಮನ ದನಿ ಇಳಿಯಿತು. "ಇಂಥವು ಇನ್ನೆಷ್ಟು?"

ಸಂಪಾದಕರು ಮೇಜನ್ನೇ ನೋಡುತ್ತ ಹೇಳಿದರು, "ಹನ್ನೊಂದು."

ಚಿನ್ನಿಯ ಪೆನ್ನು ನಿಂತಿತು. ಹನ್ನೊಂದು ಲೇಖನ, ಎಷ್ಟು ಆಸ್ಪತ್ರೆ, ಎಷ್ಟು ಹಾಸಿಗೆ?

ಪೊಲೀಸರು ಬರುವವರೆಗೂ ಕಾಯದೆ ಎಲ್ಲರೂ ಆಸ್ಪತ್ರೆಗಳಿಗೆ ಫೋನ್ ಮಾಡಲು ಕೂತರು. ಚಿನ್ನಿಯ ನಾಲ್ಕನೇ ಕರೆಗೆ ಒಬ್ಬ ನರ್ಸ್ ಸಿಕ್ಕಳು; ಚಿನ್ನಿ ಹನ್ನೊಂದು ಲೇಖನಗಳ ಹೆಸರು ಓದತೊಡಗಿದಳು.

"ಮೂರ್ಛೆರೋಗದ ಔಷಧದ್ದಾ? ಆ ಲೇಖನ ನೋಡಿಯೇ ಬೆಳಿಗ್ಗೆ ಒಬ್ಬ ಹುಡುಗೀಗೆ ಡ್ರಿಪ್ ಹಾಕಿದ್ದೀವಲ್ಲ?"

ಚಿನ್ನಿ ಅದನ್ನೇ ಜೋರಾಗಿ ಎಲ್ಲರಿಗೂ ಹೇಳಿದಳು. ಮಕ್ಕಳ ಡಾಕ್ಟರ್ ಕೂಸನ್ನು ಅವಳ ಮಡಿಲಿಗೆ ಹಾಕಿ ಫೋನ್ ಕಸಿದುಕೊಂಡಳು.

"ಡ್ರಿಪ್ ನಿಲ್ಲಿಸಿ. ಈಗಲೇ. ಉಸಿರು ಎಣಿಸಿ ಹೇಳಿ."

"ಮಾತಾಡ್ತಿರೋದು ಯಾರು?"

ಅಮಾನತಿನ ಪತ್ರ ಮೇಜಿನ ಮೇಲೇ ಇತ್ತು. ಅವಳು ಒಂದು ಕ್ಷಣ ತಡೆದಳು.

"ಡಾಕ್ಟರ್," ಎಂದಳು. "ಎಣಿಸಿ."