ಬುಟ್ಟಿಯಲ್ಲಿ ಮೇಲೆ ಹೋದ ಶೂ

"ಎಷ್ಟಪ್ಪ? ಇವತ್ತು ಎಷ್ಟು?"

ಗಿರಗಿಟ್ಲೆ ಗೇಟಿನ ಅಡ್ಡಕಂಬಿ ಹತ್ತಿ ನಿಂತು ಕೂಗಿದಳು. ಬೀದಿಯ ತಿರುವಿನಲ್ಲಿ ನಗರಸಭೆಯ ಮೈಕ್ ವ್ಯಾನ್ ಆಗಷ್ಟೇ ಮುಖ ತೋರಿಸಿತ್ತು. ಅದರ ಡ್ರೈವರ್ ಅವಳ ಅಪ್ಪ. ಮೈಕಿನಲ್ಲಿ ಮಾತಾಡುವವನೂ ಅಪ್ಪನೇ. ಊರಿನಲ್ಲಿ ಇವತ್ತು ಕೊರೊನಾ ಕೇಸು ಎಷ್ಟು, ನಾಳೆ ಯಾವ ಅಂಗಡಿ ಎಷ್ಟು ಹೊತ್ತು ತೆಗೆದಿರುತ್ತದೆ, ಎಲ್ಲವನ್ನೂ ದಿನಾ ಸಂಜೆ ಬೀದಿ ಬೀದಿ ಸುತ್ತಿ ಹೇಳುವುದು ಅವನ ಕೆಲಸ.

ಅಪ್ಪನ ರೌಂಡು ಶುರುವಾಗುವುದೇ ಅವರ ಮನೆಯ ಬೀದಿಯಿಂದ. ಆದರೂ ಮಗಳು ಅಂತ ಒಂದು ನಿಮಿಷ ಮೊದಲು ನಂಬರ್ ಹೇಳುವ ಆಸಾಮಿ ಅವನಲ್ಲ. ಆಫೀಸಿನವರು ಮಡಿಸಿ ಕೊಟ್ಟ ಚೀಟಿಯನ್ನು ಅವನೂ ಮೊದಲೇ ಬಿಚ್ಚಿ ನೋಡುತ್ತಿರಲಿಲ್ಲ. ಮೈಕ್ ಆನ್ ಆದ ಮೇಲೇ ಚೀಟಿ ಬಿಚ್ಚುವುದು. ಅದು ಅವನದೇ ಕಾನೂನು.

ಆ ವಾರ ಪೂರ್ತಿ ನಂಬರ್ ಹತ್ತು ದಾಟಿರಲಿಲ್ಲ. ಇವತ್ತೊಂದು ದಿನ ದಾಟದಿದ್ದರೆ ಸೋಮವಾರ ಸ್ಕೂಲು ಓಪನ್. ಅಮ್ಮನ ಫೋನಿನ ಅಂಗೈಯಗಲದ ಸ್ಕ್ರೀನಿನಲ್ಲಿ ಟೀಚರ್ ಮುಖ ನೋಡಿ ನೋಡಿ ಹುಡುಗಿಗೆ ಸಾಕುಸಾಕಾಗಿತ್ತು. ಒಂದು ಕಡೆ ನಿಲ್ಲುವುದಿಲ್ಲ ಅಂತಲೇ ಮನೆಯವರು ಅವಳನ್ನು ಗಿರಗಿಟ್ಲೆ ಅನ್ನುತ್ತಿದ್ದರು. ಅಂಥವಳನ್ನು ತಿಂಗಳುಗಟ್ಟಲೆ ಅಮ್ಮನ ಹೊಲಿಗೆ ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರೆ ಹೇಗಿರಬೇಡ?

ಸ್ಕೂಲಿಗೆಂದು ತಂದ ಹೊಸ ಕಪ್ಪು ಶೂ ಆಗಲೇ ಅವಳ ಕಾಲಲ್ಲಿತ್ತು. ಬೆಳಿಗ್ಗೆಯಿಂದ ಅದನ್ನು ಹಾಕಿಕೊಂಡು ಮನೆಯೊಳಗೆ ಟಕಟಕ ಓಡಾಡಿ ಅಮ್ಮನ ಹತ್ತಿರ ಎರಡು ಸಲ ಬೈಸಿಕೊಂಡೂ ಆಗಿತ್ತು.

ವ್ಯಾನ್ ನಿಂತಿತು. ಮೈಕ್ ಗೊರಗೊರ ಅಂದಿತು.

"ಸಾರ್ವಜನಿಕರ ಗಮನಕ್ಕೆ. ಇಂದಿನ ಹೊಸ ಪ್ರಕರಣಗಳು..."

ಅಪ್ಪ ಅಷ್ಟಕ್ಕೇ ನಿಲ್ಲಿಸಿದ. ಚೀಟಿಯನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ.

"ಮುನ್ನೂರ ಹನ್ನೆರಡು."

ಗಿಡಗಳಿಗೆ ನೀರು ಬಿಡುತ್ತಿದ್ದ ಎದುರುಮನೆ ಆಂಟಿ ಪೈಪ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ನೀರು ಅವರ ಚಪ್ಪಲಿಯ ಮೇಲೇ ಸುರಿಯುತ್ತಿತ್ತು, ಅದೂ ಅವರಿಗೆ ಗೊತ್ತಾಗಲಿಲ್ಲ. ನಿನ್ನೆ ಏಳು ಇದ್ದದ್ದು ಇವತ್ತು ಮುನ್ನೂರ ಹನ್ನೆರಡು ಅಂದರೆ ಯಾರಿಗೆ ತಾನೇ ನಂಬಿಕೆ ಬಂದೀತು?

ಅಪ್ಪ ಉಳಿದದ್ದನ್ನು ಗಡಗಡ ಓದಿದ. ಯೂನಿವರ್ಸಿಟಿ ಹಾಸ್ಟೆಲುಗಳಲ್ಲಿ ಸೋಂಕು ಹರಡಿದೆ. ಹಾಸ್ಟೆಲುಗಳಿಗೂ ಲೈಬ್ರರಿಗೂ ಬೀಗ. ಅಂಗಡಿಗಳು ಬೆಳಿಗ್ಗೆ ಮಾತ್ರ. ಶಾಲೆಗಳು ಮುಂದಿನ ಆದೇಶದವರೆಗೆ ತೆರೆಯುವುದಿಲ್ಲ.

ಗಿರಗಿಟ್ಲೆಗೆ ಕಂಬಿಯಿಂದ ಇಳಿಯುವುದೇ ಮರೆತುಹೋಯಿತು. ವ್ಯಾನ್ ಮುಂದಿನ ಬೀದಿಗೆ ಹೋದ ಮೇಲೂ ಅಲ್ಲೇ ನಿಂತಿದ್ದಳು.

ಎದುರುಮನೆ ಆಂಟಿ ಪೈಪ್ ಬಿಸಾಕಿ ಅಮ್ಮನ ಜೊತೆ ಮಾತಿಗೆ ನಿಂತರು. ಹೊರಗಿನಿಂದ ಬರುವ ಈ ಸ್ಟೂಡೆಂಟ್‌ಗಳನ್ನು ಇಷ್ಟು ಬೇಗ ವಾಪಸ್ ಕರೆಸಿದ್ದೇ ತಪ್ಪು ಅಂದರು. ಅವರು ಪಾರ್ಟಿ ಮಾಡುವುದು, ನಮ್ಮ ಮಕ್ಕಳು ಮನೆಯಲ್ಲಿ ಕೊಳೆಯುವುದು ಅಂದರು. ಕೊನೆಗೆ ತಲೆಯೆತ್ತಿ ಇವರ ಮನೆಯ ಮಹಡಿ ನೋಡಿದರು.

"ನಿಮ್ಮಲ್ಲೂ ಒಬ್ಬಳನ್ನ ಇಟ್ಕೊಂಡಿದ್ದೀರಲ್ಲ."

ಮಹಡಿಯ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದದ್ದು ಯೂನಿವರ್ಸಿಟಿಯಲ್ಲಿ ಓದುವ ಅಕ್ಕ. ಮಹಡಿ ಅಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ಕೊರೊನಾ ಶುರುವಾದ ಮೇಲೆ ಮಹಡಿ ಮೆಟ್ಟಿಲು ಹತ್ತಬಾರದೆಂದು ಅಮ್ಮ ರೂಲ್ ಮಾಡಿದ್ದಳು. ಅದಕ್ಕೆ ಅಕ್ಕ ಒಂದು ಬೆತ್ತದ ಬುಟ್ಟಿಗೆ ಹಗ್ಗ ಕಟ್ಟಿ ಕಿಟಕಿಯಿಂದ ಇಳಿಬಿಡುತ್ತಿದ್ದಳು. ಬುಟ್ಟಿ ಕೆಳಗಿದ್ದರೆ ಏನೋ ಬೇಕು ಅಂತ. ಮೇಲಿದ್ದರೆ ಓದುತ್ತಿದ್ದೇನೆ, ಕರೆಯಬೇಡಿ ಅಂತ. ದಿನಾ ಸಂಜೆ ಬುಟ್ಟಿಯಲ್ಲಿ ಬಿಸಿ ಹಾಲಿನ ಫ್ಲಾಸ್ಕ್ ಇಡುವುದು ಗಿರಗಿಟ್ಲೆಯ ಡ್ಯೂಟಿ. ಖಾಲಿ ಫ್ಲಾಸ್ಕ್ ಇಳಿಯುವಾಗ ಅದರ ಜೊತೆ ಒಂದು ಚಾಕಲೇಟೋ, ಕಾಗದದ ಕಪ್ಪೆಯೋ ಇರುತ್ತಿತ್ತು.

ಆ ಹೊತ್ತಿಗೂ ಬುಟ್ಟಿ ಕೆಳಗೇ ಇತ್ತು. ಅಮ್ಮ ಫ್ಲಾಸ್ಕ್ ಕೊಟ್ಟು ಒಳಗೆ ಹೋದಳು.

ಗಿರಗಿಟ್ಲೆ ಬುಟ್ಟಿಯ ಮುಂದೆ ಕೂತಳು. ಅಕ್ಕನೂ ದಿನಾ ಲೈಬ್ರರಿಗೆ ಹೋಗುತ್ತಿದ್ದಳು. ಅಕ್ಕನೂ ಅವರ ಪೈಕಿಯೇ. ಫ್ಲಾಸ್ಕನ್ನು ಮೆಟ್ಟಿಲ ಕೆಳಗೆ ತಳ್ಳಿದಳು. ಕಾಲಿಂದ ಶೂ ಎರಡನ್ನೂ ಕಿತ್ತು ಬುಟ್ಟಿಗೆ ಹಾಕಿದಳು. ನನಗಂತೂ ಬೇಡವಾಯಿತಲ್ಲ, ಇನ್ನು ನೀವೇ ಹಾಕಿಕೊಂಡು ಕುಣಿಯಿರಿ, ಅಂತ ಅದರ ಅರ್ಥ.

ಹಗ್ಗ ಎಳೆದು ಸನ್ನೆ ಮಾಡಿದಳು. ಬುಟ್ಟಿ ಮೇಲೆ ಹೊರಟಿತು. ಅರ್ಧಕ್ಕೆ ನಿಂತಿತು, ಮತ್ತೆ ಏರಿತು, ಮತ್ತೆ ನಿಂತಿತು. ಒಂದು ಜೊತೆ ಶೂ ಎಳೆಯಲು ಇಷ್ಟು ಸೋಮಾರಿತನವಾ ಅಂದುಕೊಂಡಳು ಗಿರಗಿಟ್ಲೆ.

ಮಾರನೇ ದಿನ ಬುಟ್ಟಿ ಇಳಿಯಲಿಲ್ಲ.

ಪರೀಕ್ಷೆ ಹತ್ತಿರ ಬಂತಲ್ಲ, ಓದ್ತಿದ್ದಾಳೆ, ತೊಂದರೆ ಕೊಡಬೇಡ ಅಂದಳು ಅಮ್ಮ. ಫೋನ್ ಮಾಡಿದರೆ ಸ್ವಿಚ್ ಆಫ್ ಅಂತ ಬಂತು. ಓದುವಾಗ ಅಕ್ಕ ಫೋನ್ ಆಫ್ ಮಾಡುವುದು ಹೊಸದೇನಲ್ಲ. ಅಪ್ಪನೂ ಹೌದು ಅಂದ.

ಗಿರಗಿಟ್ಲೆಗೆ ಮಾತ್ರ ಗೊತ್ತಿತ್ತು, ಅಕ್ಕ ಮುನಿಸಿಕೊಂಡಿದ್ದಾಳೆ. ಶೂ ನೋಡಿ ಮುಖ ಊದಿಸಿಕೊಂಡು ಕೂತಿದ್ದಾಳೆ. ಬೆಳಿಗ್ಗೆ ಅವಳಿಗೆ ಅದು ಖುಷಿಯಾಗೇ ಇತ್ತು. ಮಧ್ಯಾಹ್ನ ಅಷ್ಟು ಖುಷಿ ಉಳಿಯಲಿಲ್ಲ. ಕಿಟಕಿಯ ಕೆಳಗೆ ನಿಂತು ಜೋರಾಗಿ ಕೆಮ್ಮಿದಳು, ಹಾಡಿದಳು, ಚೆಂಡನ್ನು ಗೋಡೆಗೆ ಹೊಡೆದಳು. ಮೇಲಿಂದ ಒಂದು ಬೈಗುಳವೂ ಬರಲಿಲ್ಲ. ಅಮ್ಮನಿಗೆ ಹೇಳೋಣ ಅಂದರೆ ಶೂ ಎಲ್ಲಿ ಅನ್ನುವ ಪ್ರಶ್ನೆ ಬರುತ್ತದೆ. ಹಾಲು ಎಲ್ಲಿ ಅನ್ನುವ ಪ್ರಶ್ನೆಯೂ ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಸಂಜೆ ಅಪ್ಪನ ವ್ಯಾನ್ ಬಂತು, ಇನ್ನೂರು ಚಿಲ್ಲರೆ ಅಂತ ಹೇಳಿ ಮುಂದೆ ಹೋಯಿತು. ಗೇಟಿನ ಮೇಲಿದ್ದ ಗಿರಗಿಟ್ಲೆ ಸುಮ್ಮನೆ ತಲೆಯೆತ್ತಿ ಮಹಡಿ ನೋಡಿದಳು. ಇನ್ನೂ ಬಿಸಿಲಿತ್ತು. ಆದರೂ ಅಕ್ಕನ ಕಿಟಕಿಯಲ್ಲಿ ಟೇಬಲ್ ಲ್ಯಾಂಪ್ ಉರಿಯುತ್ತಿತ್ತು.

ಬೆಳಿಗ್ಗೆಯೂ ಅದು ಉರಿಯುತ್ತಿತ್ತಲ್ಲ. ಮಧ್ಯಾಹ್ನ ಚೆಂಡು ಹೊಡೆಯುವಾಗಲೂ ಉರಿಯುತ್ತಿತ್ತಲ್ಲ.

ಅಕ್ಕ ಅಂದರೆ ಲೈಟ್ ವಿಷಯದಲ್ಲಿ ಮಹಾ ಕಂಜೂಸ್. ಕೆಳಗಿನ ಮನೆಯಲ್ಲಿ ಹಗಲು ಹೊತ್ತು ಬಲ್ಬ್ ಉರಿದರೂ ಮೇಲಿಂದಲೇ ಕೂಗಿ ಆರಿಸುವವಳು.

ಗಿರಗಿಟ್ಲೆ ರೂಲ್ ಗೀಲ್ ಎಲ್ಲ ಮರೆತು ಮೆಟ್ಟಿಲು ಹತ್ತಿದಳು. ತೆರೆದ ಕಿಟಕಿಯೊಳಗೆ ಇಣುಕಿದಳು.

ಬುಟ್ಟಿ ಕಿಟಕಿಕಟ್ಟೆಯ ಮೇಲಿತ್ತು. ಅದರೊಳಗೆ ಶೂ ಎರಡೂ ಅವಳು ಇಟ್ಟ ಹಾಗೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಕಟ್ಟೆಯ ಕೆಳಗೆ ನೆಲದ ಮೇಲೆ ಅಕ್ಕ ಬಿದ್ದಿದ್ದಳು. ಬುಟ್ಟಿಯ ಹಗ್ಗ ಇನ್ನೂ ಅವಳ ಕೈಗೆ ಸುತ್ತಿಕೊಂಡಿತ್ತು. ಬಾಯಿ ತೆರೆದಿತ್ತು. ಉಸಿರಿನ ಸದ್ದು ಕಿಟಕಿಯ ತನಕ ಕೇಳುತ್ತಿತ್ತು.

ಗಿರಗಿಟ್ಲೆ ಕಟ್ಟೆ ಹಿಡಿದು ಮುಂದೆ ಬಗ್ಗಿದಳು. ಅಕ್ಕಾ ಅಂದಳು.

ಅಕ್ಕ ಕಣ್ಣು ಅರ್ಧ ತೆರೆದಳು. "ಹತ್ರ ಬರ್ಬೇಡ ಪುಟ್ಟಿ," ಅಂದಳು. ಮತ್ತೊಂದು ಉಸಿರೆಳೆದು, "ನೀರು."

ಗಿರಗಿಟ್ಲೆ ಮೆಟ್ಟಿಲು ಇಳಿದದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಅಮ್ಮನ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಅಕ್ಕ ಬಿದ್ದಿದ್ದಾರೆ ಅಮ್ಮ. ಉಸಿರಾಡೋಕೆ ಆಗ್ತಿಲ್ಲ. ನಿನ್ನೆ ನಾನು ಹಾಲು ಕೊಡ್ಲೇ ಇಲ್ಲ. ಶೂ ಕಳಿಸ್ದೆ."

ಅಮ್ಮ ಶೂ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೇ ಚೆನ್ನಾಗಿರುತ್ತಿತ್ತು ಅನ್ನಿಸಿತು ಗಿರಗಿಟ್ಲೆಗೆ. ಅಮ್ಮ ಬಾಯಿಗೆ ಎರಡು ಮಾಸ್ಕ್ ಬಿಗಿದುಕೊಂಡು ನೀರು ಹಿಡಿದು ಮೇಲೆ ಓಡಿದಳು, ಓಡುತ್ತಲೇ ಆಂಬುಲೆನ್ಸಿಗೆ ಫೋನ್ ಹಚ್ಚಿದಳು. ಎಲ್ಲ ಲೈನುಗಳೂ ಬ್ಯುಸಿ. ಮತ್ತೆ ಹಚ್ಚಿದಳು, ಮತ್ತೆ ಬ್ಯುಸಿ. ಅಪ್ಪನಿಗೆ ಹಚ್ಚಿದರೆ ರಿಂಗ್ ಆಗುತ್ತಲೇ ಇತ್ತು. ಮೈಕ್ ಹಿಡಿದವನಿಗೆ ಫೋನ್ ಎಲ್ಲಿ ಕೇಳಿಸಬೇಕು?

ಪಕ್ಕದ ಬೀದಿಯಿಂದ ಅಪ್ಪನ ದನಿ ಬರುತ್ತಿತ್ತು. "ಸಾರ್ವಜನಿಕರ ಗಮನಕ್ಕೆ..."

ಗಿರಗಿಟ್ಲೆ ಬರಿಗಾಲಲ್ಲೇ ಓಡಿದಳು. ಖಾಲಿ ಬೀದಿಯಲ್ಲಿ ಅವಳೊಬ್ಬಳೇ. ಎದುರುಮನೆ ಆಂಟಿ ಏನೋ ಕೂಗಿದರು, ಕಿವಿಗೆ ಬೀಳಲಿಲ್ಲ. ವ್ಯಾನಿನ ಕಿಟಕಿಗೆ ಜೋತುಬಿದ್ದು ಏದುಸಿರು ಬಿಡುತ್ತಾ ಹೇಳಿಬಿಟ್ಟಳು.

"ಅಪ್ಪ, ಮಹಡಿ ಅಕ್ಕ ಸತ್ತೋಗ್ತಾರೆ. ಬೇಗ ಬಾ ಅಪ್ಪ."

ಮೈಕ್ ಆನ್ ಆಗೇ ಇತ್ತು. ಆ ಮಾತು ವ್ಯಾನಿನ ತಲೆಯ ಮೇಲಿನ ಎರಡು ದೊಡ್ಡ ಸ್ಪೀಕರುಗಳಿಂದ ಎರಡು ಬೀದಿಗೂ ಕೇಳಿಸಿತು. ಕಿಟಕಿಗಳಲ್ಲಿ ಜನ ಬಂದು ನಿಂತರು. ಅಪ್ಪ ಮೈಕ್ ಬಂದ್ ಮಾಡಲೂ ಮರೆತು ಆಫೀಸಿಗೆ ಫೋನ್ ಹಚ್ಚಿದ. ಅವನು ವಿಳಾಸವನ್ನು ಎರಡೆರಡು ಸಲ ಹೇಳಿದ್ದನ್ನೂ ಎಲ್ಲರೂ ಕೇಳಿದರು.

ಆಂಬುಲೆನ್ಸ್ ಬಂದಾಗ ಕತ್ತಲಾಗುತ್ತಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟ ಇಬ್ಬರು ಅಕ್ಕನನ್ನು ಸ್ಟ್ರೆಚರಿನಲ್ಲಿ ಇಳಿಸಿದರು. ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ಗಿರಗಿಟ್ಲೆಗೆ ಅಕ್ಕನ ಹಣೆ ಮಾತ್ರ ಕಂಡಿತು. ಅವಳನ್ನು ಒಳಗಿನ ಕಿಟಕಿಯ ಹಿಂದೆ ನಿಲ್ಲಿಸಿದ್ದರು, ಹತ್ತಿರ ಬಿಡಲಿಲ್ಲ.

ಮಹಡಿಯ ಮೆಟ್ಟಿಲಿಗೆ ಅಡ್ಡವಾಗಿ ಟೇಪ್ ಬಿತ್ತು. ಕೋಣೆಗೆ ಬೀಗ ಬಿತ್ತು. ಶೂ ಒಳಗೇ ಉಳಿಯಿತು. ಕೆಳಗಿನ ಮನೆಯವರು ಯಾರೂ ಹೊರಗೆ ಹೋಗುವ ಹಾಗಿಲ್ಲ ಎಂದು ನಗರಸಭೆಯವರು ಗೇಟಿಗೆ ಕಾಗದ ಅಂಟಿಸಿದರು. ಮೂವರ ಮೂಗಿಗೂ ಕಡ್ಡಿ ಹಾಕಿ ನೋಡಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ.

ಈಗ ವ್ಯಾನ್ ಓಡಿಸುತ್ತಿದ್ದವನು ಬೇರೆ ಡ್ರೈವರ್. ಮಾರನೇ ಸಂಜೆ ಅವನ ಕೀರಲು ದನಿ ನೂರ ಎಂಬತ್ತಾರು ಅಂದಿತು. ಸದ್ಯ, ಕಡಿಮೆಯಾಯಿತು ಅಂತ ಬೀದಿಯಲ್ಲಿ ಯಾರೋ ಅಂದರು. ಆ ನೂರ ಎಂಬತ್ತಾರರಲ್ಲಿ ಒಂದು ನಮ್ಮ ಅಕ್ಕ ಅಂತ ಗಿರಗಿಟ್ಲೆಗೆ ಹೊಳೆಯಿತು. ರಾತ್ರಿ ಊಟದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು.

ಬೆಳಿಗ್ಗೆ ಗೇಟಿಗೆ ಒಂದು ಚೀಲ ನೇತುಬಿದ್ದಿತ್ತು. ಒಳಗೆ ಬ್ರೆಡ್ಡು, ಹಾಲು, ತರಕಾರಿ ಇದ್ದವು. ಎದುರುಮನೆ ಆಂಟಿ ತಮ್ಮ ಗೇಟಿನಲ್ಲೇ ನಿಂತು ಮಹಡಿಯ ಹುಡುಗಿ ಹೇಗಿದ್ದಾಳೆ ಅಂತ ಕೈಸನ್ನೆಯಲ್ಲಿ ಕೇಳಿದರು. ಅಮ್ಮ ಗೊತ್ತಿಲ್ಲ ಅಂತ ತಲೆಯಾಡಿಸಿದಳು.

ಆಸ್ಪತ್ರೆಯಿಂದ ಅಕ್ಕನ ಫೋನ್ ಬಂದದ್ದು ಒಂದು ವಾರದ ಮೇಲೆ. ಅಕ್ಕನಿಗೆ ಎರಡು ಮಾತಾಡಿದರೆ ಸುಸ್ತು. ಆದರೂ ಗಿರಗಿಟ್ಲೆಯನ್ನು ಕರೆಯಲು ಹೇಳಿದಳಂತೆ.

"ಏ ಗಿರಗಿಟ್ಲೆ, ಆವತ್ತು ಬುಟ್ಟೀಲಿ ಹಾಲು ಬರೋ ಬದಲು ಶೂ ಬಂದಿತ್ತಲ್ಲ. ಜ್ವರಕ್ಕೆ ನನ್ ತಲೆ ಕೆಟ್ಟಿತ್ತೋ, ನಿಜವಾಗ್ಲೂ ಶೂ ಬಂತೋ?"

ಅಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. ತಲೆ ಕೆಟ್ಟಿತ್ತು ಅಂದುಬಿಟ್ಟರೆ ಮುಗಿಯಿತು. ಗಿರಗಿಟ್ಲೆ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನಿಜವಾಗ್ಲೂ ಶೂನೇ ಅಕ್ಕ. ನಿಮ್ಮೇಲೆ ಸಿಟ್ಟು ಬಂದಿತ್ತು. ಸ್ಕೂಲ್ ಬಂದ್ ಆಯ್ತಲ್ಲ, ಅದಕ್ಕೆ."

ಆ ಕಡೆ ಅಕ್ಕ ನಕ್ಕಳು, ನಗುತ್ತಾ ಕೆಮ್ಮಿದಳು. ನನ್ನ ಸೈಜಿಗೆ ಅದು ಬರಲ್ಲ ಕಣೇ ಅಂದಳು. ಗಿರಗಿಟ್ಲೆಗೆ ನಗು ಬರಲಿಲ್ಲ. ಕಣ್ಣು ತುಂಬಿ ಬಂತು, ಸುಮ್ಮನೆ ಹೂಂ ಅಂದಳು.

ಎರಡು ತಿಂಗಳ ಮೇಲೆ ಅಕ್ಕ ವಾಪಸ್ ಬಂದಾಗ ಆಂಟಿಯೂ ಗೇಟಿಗೆ ಬಂದು ನೋಡಿದರು. ಕೋಣೆ ತೊಳೆದಾಯಿತು, ಟೇಪ್ ಬಿಚ್ಚಿದ್ದಾಯಿತು. ಬುಟ್ಟಿಯಲ್ಲಿ ಶೂ ಇಳಿದು ಬಂತು. ಗಿರಗಿಟ್ಲೆ ಹಾಕಿ ನೋಡಿದರೆ ಬೆರಳು ಒತ್ತುತ್ತಿತ್ತು. ಅವಳ ಕಾಲು ಅದಕ್ಕೆ ಕಾದು ಕೂತಿರಲಿಲ್ಲ, ಬೆಳೆದುಬಿಟ್ಟಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಅಪ್ಪ ಮತ್ತೆ ವ್ಯಾನ್ ಹತ್ತಿದ್ದ. ಒಂದು ಸಂಜೆ ಗೇಟಿನ ಮುಂದೆ ನಿಲ್ಲಿಸಿ, ಮೈಕ್ ಆನ್ ಮಾಡಿ, ಚೀಟಿ ಬಿಚ್ಚಿದ. ಇಂದಿನ ಹೊಸ ಪ್ರಕರಣಗಳು ನಾಲ್ಕು ಅಂದ. ಬೀದಿಯ ಮಕ್ಕಳು ನಾಲ್ಕೇ ನಾಲ್ಕು, ನಾಲ್ಕೇ ನಾಲ್ಕು ಅಂತ ತಮ್ಮ ತಮ್ಮ ಗೇಟುಗಳಲ್ಲಿ ಕುಣಿದರು. ಅಪ್ಪ ಮೈಕ್ ಆಫ್ ಮಾಡಿ ಮಗಳ ಕಡೆ ನೋಡಿ ನಕ್ಕ. ಅವಳೂ ಕುಣಿಯುತ್ತಾಳೆ ಅಂದುಕೊಂಡಿದ್ದ.

ಗಿರಗಿಟ್ಲೆ ವ್ಯಾನಿನ ಹತ್ತಿರ ಬಂದಳು.

"ಅಪ್ಪ, ಆ ನಾಲ್ಕು ಜನಕ್ಕೆ ಹಾಲು ಕೊಡೋಕೆ ಯಾರಾದ್ರೂ ಇದ್ದಾರಾ?"

ಅಪ್ಪ ಚೀಟಿಯನ್ನು ಮತ್ತೆ ಬಿಚ್ಚಿ ನೋಡಿದ. ಅದರಲ್ಲಿ ಇದ್ದದ್ದು ಒಂದು ನಂಬರ್ ಅಷ್ಟೇ. ಮಗಳ ತಲೆ ಸವರಿ ಮುಂದಿನ ಬೀದಿಗೆ ಹೊರಟ.

ಮೇಲಿನಿಂದ ಬುಟ್ಟಿ ನಿಧಾನವಾಗಿ ಇಳಿಯಿತು. ಗಿರಗಿಟ್ಲೆ ಒಳಗೆ ಹೋಗಿ ಹಾಲು ಒಲೆಯ ಮೇಲೆ ಇಟ್ಟಳು. ಅದು ಕಾಯುವ ತನಕ ಅಲ್ಲಿಂದ ಕದಲಲಿಲ್ಲ.